ತಲೆಗೆ ಎರೆಯುವ ನೀರು: ಎಷ್ಟು ಬಿಸಿ ಹಿತ, ಎಷ್ಟು ಬಿಸಿ ಅಪಾಯ?

ಭಾನುವಾರದ ಬೆಳಗು. ಹೊಳೆನರಸೀಪುರದ ಆಸುಪಾಸಿನ ಯಾವುದಾದರೂ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಬಚ್ಚಲ ಒಲೆಯಲ್ಲಿ ತೆಂಗಿನ ಮಟ್ಟೆ ಧಗಧಗ ಉರಿಯುತ್ತಿದೆ. ಹಂಡೆಯ ನೀರು ಸಳಸಳ ಸದ್ದು ಮಾಡುತ್ತಿದೆ. ಆರನೇ ತರಗತಿಯ ಹುಡುಗನೊಬ್ಬ ಮೈತುಂಬ ಹರಳೆಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಮುದುಡಿ ಕುಳಿತಿದ್ದಾನೆ.

"ಅಯ್ಯೋ, ಸುಡ್ತೈತೆ ಕಣಜ್ಜಿ, ತಣ್ಣೀರು ಬೆರೆಸು!"

"ಸುಮ್ಕೆ ಕುಂತ್ಕೊ ಮಗ. ನೀರು ಬಿಸಿ ಇಲ್ದಿದ್ರೆ ಎಣ್ಣೆ ಹೆಂಗೆ ಇಳೀತದೆ?"

ಚೊಂಬಿನ ಮೇಲೆ ಚೊಂಬು ತಲೆಯ ಮೇಲೆ ಬೀಳುತ್ತದೆ. ಹುಡುಗ ಕೆಂಪಗೆ ಬೆಂದ ಗೆಣಸಿನಂತಾಗಿ ಹೊರಗೆ ಬರುತ್ತಾನೆ. ಅಜ್ಜಿಗೆ ತೃಪ್ತಿ. ಹಾಸನ ಜಿಲ್ಲೆಯ ನಮ್ಮಲ್ಲಿ ಎಷ್ಟೋ ಮಂದಿಯ ಬಾಲ್ಯದಲ್ಲಿ ಈ ದೃಶ್ಯ ಇದ್ದೇ ಇದೆ. ಅಜ್ಜಿ ಮೊಮ್ಮಗನ ಈ ಜಗಳದಲ್ಲಿ ಗೆಲ್ಲುವುದು ಯಾವಾಗಲೂ ಅಜ್ಜಿಯೇ.

ಆದರೆ ಸರಿ ಇದ್ದವರು ಯಾರು? ಮೇಲುನೋಟಕ್ಕೆ ಇದು ಕ್ಷುಲ್ಲಕ ಪ್ರಶ್ನೆ ಅನ್ನಿಸಬಹುದು. ತಲೆ ತೊಳೆಯುವ ನೀರಿಗೂ ಒಂದು ಶಾಸ್ತ್ರವೇ ಎಂದು ನಗಬಹುದು. ನಗುವ ಮುನ್ನ ಒಂದು ಮಾತು: ತಲೆಗೆ ಸುಡುನೀರು ಎರೆದಾಗಲೇ ಬರುವ ಒಂದು ಬಗೆಯ ಮೂರ್ಛೆ ರೋಗವಿದೆ. ಜಗತ್ತಿನಲ್ಲಿ ಅದು ಅತಿ ಹೆಚ್ಚಾಗಿ ಕಂಡುಬಂದಿರುವ ಪ್ರದೇಶಗಳಲ್ಲಿ ನಮ್ಮ ದಕ್ಷಿಣ ಕರ್ನಾಟಕವೂ ಒಂದು. ಆದ್ದರಿಂದ ಈ ಪ್ರಶ್ನೆಯನ್ನು ತಂದೆ ತಾಯಿಗಳೂ ವಿದ್ಯಾರ್ಥಿಗಳೂ ಕೂಡಿ ಕುಳಿತು ಯೋಚಿಸುವುದು ಒಳ್ಳೆಯದು.

ಊರಿಗೊಂದು ನೀರು, ನೀರಿಗೊಂದು ಗುಣ

ಹಾಸನವನ್ನು 'ಬಡವರ ಊಟಿ' ಎಂದು ಕರೆಯುವುದು ಎಲ್ಲರಿಗೂ ಗೊತ್ತು. ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿರುವ ಊರು. ಧನುರ್ಮಾಸದ ಬೆಳಿಗ್ಗೆ ತೊಟ್ಟಿಯ ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತದೆ. ಅಂಥ ಚಳಿಯಲ್ಲಿ ನೀರು ಹೊಗೆಯಾಡುತ್ತಿದ್ದರೇ ಸ್ನಾನ ಎನ್ನುವ ಅಭ್ಯಾಸ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಅರಕಲಗೂಡು ಅರೆಮಲೆನಾಡು. ರಾಮನಾಥಪುರದ ಬಳಿ ಕಾವೇರಿ ಹರಿಯುತ್ತಾಳೆ. ಸೌದೆಗೆ ಬರವಿಲ್ಲದ ಕಡೆ ಹಂಡೆಯ ಒಲೆ ಆರುವುದೇ ಇಲ್ಲ. ಹೊಳೆನರಸೀಪುರಕ್ಕೆ ಹೇಮಾವತಿಯ ದಡವೇ ಆಸರೆ. ನದಿಯ ನೀರು ಸಾಮಾನ್ಯವಾಗಿ ಮೆದು. ಸೋಪು ಚೆನ್ನಾಗಿ ನೊರೆ ಬಿಡುತ್ತದೆ. ಚನ್ನರಾಯಪಟ್ಟಣದ ಕಡೆ ಬಂದರೆ ಚಿತ್ರ ಬೇರೆ. ಅದು ತೆಂಗಿನ ನಾಡು, ಮಳೆ ಕಡಿಮೆಯ ಬಯಲು. ಅಲ್ಲಿ ಬೋರ್‌ವೆಲ್ ನೀರೇ ಗತಿಯಾಗಿರುವ ಹಳ್ಳಿಗಳು ಅನೇಕ. ಬೋರ್‌ವೆಲ್ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿರುತ್ತವೆ. ಸೋಪು ನೊರೆಯಾಗುವ ಬದಲು ಅಂಟಂಟಾದ ಬಿಳಿ ಗಷ್ಟಾಗಿ ಕೂದಲಿಗೆ ಕೂರುತ್ತದೆ. 'ಎಷ್ಟು ತೊಳೆದರೂ ತಲೆ ಜಿಗುಟು' ಎಂದು ಹೆಣ್ಣುಮಕ್ಕಳು ಗೊಣಗುವುದಕ್ಕೆ ಇದೇ ಕಾರಣ. ಆಗ ಅವರು ಮಾಡುವ ಮೊದಲ ಕೆಲಸವೆಂದರೆ ನೀರನ್ನು ಇನ್ನಷ್ಟು ಬಿಸಿ ಮಾಡುವುದು.

ಇಲ್ಲಿಯೇ ತಪ್ಪು. ನೀರನ್ನು ಕುದಿಸಿ ಆರಿಸಿದರೆ ಗಡಸುತನದ ಒಂದು ಭಾಗ ಹಂಡೆಯ ತಳದಲ್ಲಿ, ಕಾಯಿಲ್‌ನ ಮೈಮೇಲೆ ಬಿಳಿ ಕಿಟ್ಟವಾಗಿ ಉಳಿಯುತ್ತದೆ ನಿಜ. ಆದರೆ ಬಿಸಿ ಬಿಸಿಯಾಗಿಯೇ ತಲೆಗೆ ಸುರಿದುಕೊಂಡ ಮಾತ್ರಕ್ಕೆ ಜಿಗುಟು ಹೋಗುವುದಿಲ್ಲ. ಗಡಸು ನೀರಿಗೆ ಮದ್ದು ಸೋಪನ್ನು ಬಿಡುವುದು. ಸೀಗೆಕಾಯಿ, ಅಂಟುವಾಳ ಅಥವಾ ಸೌಮ್ಯವಾದ ಶಾಂಪೂ ಬಳಸಿದರೆ ಆ ಬಿಳಿ ಗಷ್ಟು ಕಟ್ಟುವುದಿಲ್ಲ. ಕೊನೆಯಲ್ಲಿ ಸುರಿಯಲು ಒಂದು ಬಿಂದಿಗೆ ಮಳೆನೀರೋ ಹೊಳೆನೀರೋ ಸಿಕ್ಕರೆ ಇನ್ನೂ ಒಳ್ಳೆಯದು.

ಕೂದಲಿಗೆ ನಿಜವಾಗಿ ಏನಾಗುತ್ತದೆ?

ತಲೆಯ ಮೇಲೆ ನಮಗೆ ಕಾಣುವ ಕೂದಲು ಜೀವವಿಲ್ಲದ್ದು. ಉಗುರಿನಂತೆ ಅದೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಜೀವವಿರುವುದು ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿರುವ ಬುಡದಲ್ಲಿ. ಅಲ್ಲಿಂದ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ತಲೆಯಲ್ಲಿ ಹೆಚ್ಚು ಕಡಿಮೆ ಒಂದು ಲಕ್ಷ ಕೂದಲಿರುತ್ತವೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಹೀಗಿರುವಾಗ 'ಬಿಸಿನೀರು ಎರೆದರೆ ಕೂದಲಿನ ಬೇರೇ ಬೆಂದುಹೋಗುತ್ತದೆ' ಎಂಬ ಮಾತು ಅತಿಶಯೋಕ್ತಿ. ಸ್ನಾನದ ನೀರು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಸುಡುನೀರು ಕೆಡಿಸುವುದು ಮುಖ್ಯವಾಗಿ ನೆತ್ತಿಯ ಚರ್ಮವನ್ನು. ಚರ್ಮ ತಾನೇ ಒಸರುವ ಎಣ್ಣೆಯ ತೆಳುಪದರವನ್ನು ಅದು ಪೂರ್ತಿ ತೊಳೆದುಬಿಡುತ್ತದೆ. ನೆತ್ತಿ ಒಣಗಿ ಕಡಿತ ಶುರುವಾಗುತ್ತದೆ. ಕೆರೆದು ಕೆರೆದು ಗಾಯವಾಗುತ್ತದೆ. ಕೂದಲೂ ಹೊಳಪು ಕಳೆದುಕೊಂಡು ಒರಟಾಗುತ್ತದೆ.

ಇನ್ನೊಂದು ಸಂಗತಿ. ಒದ್ದೆ ಕೂದಲು ಒಣ ಕೂದಲಿಗಿಂತ ದುರ್ಬಲ. ನೀರು ಕುಡಿದು ಉಬ್ಬಿ, ಎಳೆದರೆ ಹೆಚ್ಚು ಹಿಗ್ಗಿ ತುಂಡಾಗುತ್ತದೆ. ಬಾಚಣಿಗೆಯ ತುಂಬ ಕೂದಲು ಬರಲು ಎಷ್ಟೋ ಸಲ ನೀರಿನ ಬಿಸಿ ಕಾರಣವಲ್ಲ, ಶಾಲೆಗೆ ತಡವಾಯಿತೆಂದು ಒದ್ದೆ ತಲೆಯನ್ನೇ ರಭಸದಿಂದ ಬಾಚಿ ಬಿಗಿ ಜಡೆ ಹೆಣೆದದ್ದು ಕಾರಣ. ಬೇಲೂರಿನ ದೇವಾಲಯದಲ್ಲಿ ಮಿಂದು ಬಂದು ಕೂದಲ ನೀರನ್ನು ಕೈಯಿಂದ ಹಿಂಡಿಕೊಳ್ಳುತ್ತಿರುವ ಮದನಿಕೆಯನ್ನು ನೋಡಿದ್ದೀರಲ್ಲ? ಅವಳ ಕ್ರಮವೇ ಸರಿ. ಹಿಂಡಿ, ಬಟ್ಟೆ ಸುತ್ತಿ, ಆರಲು ಬಿಟ್ಟು, ಆಮೇಲೆ ಬಾಚುವುದು.

ಹಾಗಾದರೆ ಕೊನೆಯಲ್ಲಿ ತಣ್ಣೀರು ಸುರಿದುಕೊಂಡರೆ 'ಕೂದಲಿನ ರಂಧ್ರ ಮುಚ್ಚಿಕೊಂಡು' ಹೊಳಪು ಬರುತ್ತದೆ ಎನ್ನುತ್ತಾರಲ್ಲ? ಕೂದಲಿಗೆ ಬಾಗಿಲಿನಂತೆ ತೆರೆದು ಮುಚ್ಚುವ ರಂಧ್ರಗಳಿಲ್ಲ. ಹಿತವೆನಿಸಿದರೆ ಸುರಿದುಕೊಳ್ಳಿ, ಪವಾಡ ನಿರೀಕ್ಷಿಸಬೇಡಿ.

ಎಣ್ಣೆ ಇಳಿಸುವುದು ಬಿಸಿಯಲ್ಲ, ಸೀಗೆ

ಅಜ್ಜಿಯ ವಾದಕ್ಕೆ ಬರೋಣ. ಎಣ್ಣೆ ಇಳಿಯಲು ಸುಡುನೀರು ಬೇಕೇ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೇ ಹಾಸನದ ಚಳಿಗಾಲದಲ್ಲಿ ಎಣ್ಣೆ ಬಾಟಲಿಯನ್ನು ಬಿಸಿಲಿಗೆ ಇಡುವುದು. ನಮ್ಮ ಮೈಯ ಬಿಸಿ 37 ಡಿಗ್ರಿ. ತಲೆಗೆ ಹಚ್ಚಿದ ಕ್ಷಣದಲ್ಲೇ ಆ ಎಣ್ಣೆ ಕರಗಿಯಾಗಿದೆ. ಅದನ್ನು ಮತ್ತೆ ಕರಗಿಸಲು ಸುಡುನೀರು ಬೇಕಿಲ್ಲ. ಹರಳೆಣ್ಣೆ ಮಾತ್ರ ಮಂದ. ಆದರೆ ಅದನ್ನು ಕೂಡ ಕೂದಲಿನಿಂದ ಬಿಡಿಸುವುದು ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ಎಂಬ ನೊರೆಯ ಅಂಶ. ಅದು ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಸಾಗಿಸುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಈ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಹೆಚ್ಚೆಂದರೆ ಎರಡು ಸಲ ಪುಡಿ ಹಾಕಬೇಕಾದೀತು, ಅಷ್ಟೇ.

ಇದು ಪರದೇಶದಿಂದ ಬಂದ ಹೊಸ ಜ್ಞಾನವೂ ಅಲ್ಲ. ಸಾವಿರ ವರ್ಷಕ್ಕೂ ಹಿಂದೆ ವಾಗ್ಭಟನು ತನ್ನ 'ಅಷ್ಟಾಂಗ ಹೃದಯ'ದ ದಿನಚರಿಯ ಅಧ್ಯಾಯದಲ್ಲಿ ಈ ವಿಷಯವನ್ನು ಸ್ಪಷ್ಟವಾಗಿಯೇ ಹೇಳಿದ್ದಾನೆ. ಕತ್ತಿನಿಂದ ಕೆಳಗೆ ಬಿಸಿನೀರಿನ ಸ್ನಾನ ಬಲ ಕೊಡುತ್ತದೆ, ಅದೇ ನೀರನ್ನು ತಲೆಗೆ ಎರೆದರೆ ಕೂದಲಿಗೂ ಕಣ್ಣಿಗೂ ಕೇಡು ಎಂಬುದು ಅವನ ಅಭಿಪ್ರಾಯ. ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬುವ ಹಬ್ಬದಂದು ಹಂಡೆಗೆ ಹಾಗಲಬಳ್ಳಿ ಸುತ್ತಿ ಪೂಜಿಸುವುದನ್ನು ನಾವು ಉಳಿಸಿಕೊಂಡಿದ್ದೇವೆ. ಈ ವಿವೇಕವನ್ನು ಮಾತ್ರ ಮರೆತುಬಿಟ್ಟೆವು.

ಬಿಸಿನೀರಿನ ಮೂರ್ಛೆ

ಈಗ ಮುಖ್ಯ ವಿಷಯ.

ಕೆಲವು ಮಕ್ಕಳಿಗೆ ತಲೆಗೆ ಬಿಸಿನೀರು ಎರೆಯುವಾಗ, ಅಥವಾ ಎರೆದು ಮುಗಿಯುವ ಹೊತ್ತಿಗೆ, ಇದ್ದಕ್ಕಿದ್ದಂತೆ ಕಣ್ಣು ಎತ್ತಲೋ ನೆಟ್ಟುಬಿಡುತ್ತದೆ. ಕರೆದರೆ ಓಗೊಡುವುದಿಲ್ಲ. ಕೆಲವರು ಅರ್ಥವಿಲ್ಲದ ಮಾತಾಡುತ್ತಾರೆ. ಕೆಲವರಿಗೆ ವಿಪರೀತ ಭಯವಾಗುತ್ತದೆ, ಇಲ್ಲದ ದನಿ ಕೇಳಿಸುತ್ತದೆ, ಇಲ್ಲದ ಚಿತ್ರ ಕಾಣಿಸುತ್ತದೆ. ಕೆಲವರಲ್ಲಿ ಅದು ಅಷ್ಟಕ್ಕೇ ನಿಲ್ಲದೆ ಕೈಕಾಲು ಸೆಟೆದು ಅದುರಿ, ಮಗು ಬಚ್ಚಲಲ್ಲೇ ಕುಸಿಯುತ್ತದೆ. ಕೆಲವು ನಿಮಿಷಗಳಲ್ಲಿ ಎಲ್ಲ ಸರಿಹೋಗುತ್ತದೆ. ಏನಾಯಿತೆಂದು ಕೇಳಿದರೆ ಮಗುವಿಗೆ ನೆನಪಿರುವುದಿಲ್ಲ.

ಇದೇ ಬಿಸಿನೀರಿನ ಅಪಸ್ಮಾರ. ವೈದ್ಯಲೋಕದಲ್ಲಿ ಇದರ ಮೊದಲ ವರದಿ ಬಂದದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಿಂದ. ಆದರೆ ಇದನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದ ಕೀರ್ತಿ ಬೆಂಗಳೂರಿನದು. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಬರೆದರು. 1972ರಲ್ಲಿ 60 ರೋಗಿಗಳ ವಿವರ ಪ್ರಕಟಿಸಿದರು. ಬಳಿಕ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ಅಧ್ಯಯನವನ್ನು ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಗಮನ ಇತ್ತ ತಿರುಗಿತು. ಟರ್ಕಿ, ಜಪಾನ್ ದೇಶಗಳಿಂದಲೂ ವರದಿಗಳಿವೆ. ಆದರೂ ದಕ್ಷಿಣ ಭಾರತದಷ್ಟು, ಅದರಲ್ಲೂ ಕರ್ನಾಟಕದ ದಕ್ಷಿಣ ಭಾಗದಷ್ಟು ಪ್ರಕರಣಗಳು ಬೇರೆಡೆ ಕಂಡದ್ದು ಕಡಿಮೆ.

ಯಾಕೆ ಹೀಗೆ? ವೈದ್ಯರು ಎರಡು ಕಾರಣಗಳತ್ತ ಬೆರಳು ತೋರಿಸುತ್ತಾರೆ. ಒಂದು, ನಮ್ಮ ಸ್ನಾನದ ಪದ್ಧತಿ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ, 40ರಿಂದ 50 ಡಿಗ್ರಿಯಷ್ಟು ಬಿಸಿಯ ನೀರನ್ನು ಚೊಂಬಿನಿಂದ ಸರಸರನೆ ನೆತ್ತಿಯ ಮೇಲೇ ಸುರಿಯುವುದು ನಮ್ಮ ರೂಢಿ. ಇದರಿಂದ ತಲೆಯ ಉಷ್ಣತೆ ಬಲು ಬೇಗ ಏರುತ್ತದೆ. ಹಾಗೆ ಏರಿದ ಶಾಖವನ್ನು ತಾಳಿಕೊಳ್ಳುವ ಶಕ್ತಿ ಕೆಲವರ ಮಿದುಳಿಗೆ ಕಡಿಮೆ. ಇನ್ನೊಂದು, ವಂಶವಾಹಿ. ಒಂದೇ ಮನೆತನದಲ್ಲಿ ಇಬ್ಬರು ಮೂವರಿಗೆ ಇದು ಇರುವುದುಂಟು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನಿಮ್ಹಾನ್ಸ್ ವೈದ್ಯರ ಜೊತೆಗೂಡಿ ಇಂಥ ಕುಟುಂಬಗಳನ್ನು ಪರೀಕ್ಷಿಸಿ, 4ನೇ ಮತ್ತು 10ನೇ ವರ್ಣತಂತುಗಳಲ್ಲಿ ಇದಕ್ಕೆ ಸಂಬಂಧಿಸಿದ ಭಾಗಗಳನ್ನು 2009ರ ಹೊತ್ತಿಗೆ ಗುರುತಿಸಿದರು.

ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಾಲ್ಯದಲ್ಲಿ ಮತ್ತು ಹರೆಯದಲ್ಲಿ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಅಂದರೆ ನಮ್ಮ ಶಾಲಾ ಕಾಲೇಜು ಮಕ್ಕಳ ವಯಸ್ಸಿನಲ್ಲೇ.

ದೆವ್ವವೂ ಅಲ್ಲ, ನಾಟಕವೂ ಅಲ್ಲ

ಬಚ್ಚಲು ಮನೆಯಲ್ಲಿ, ಕೂದಲು ಬಿಚ್ಚಿದ್ದಾಗ, ಅರ್ಥವಿಲ್ಲದ ಮಾತಾಡುತ್ತಾ ಕುಸಿದ ಮಗುವನ್ನು ಕಂಡ ಮನೆಯವರಿಗೆ ಮೊದಲು ಏನು ಹೊಳೆಯುತ್ತದೆ? 'ಗಾಳಿ ಸೋಕಿದೆ' ಎಂದು. ತಾಯತ, ಅಂತ್ರ, ಯಂತ್ರ ಶುರುವಾಗುತ್ತವೆ. ಕೆಲವು ಮಕ್ಕಳ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ನಡೆಯುತ್ತದೆ. ಈ ರೋಗದ ಒಂದು ವಿಚಿತ್ರವೆಂದರೆ, ಕೆಲವರಿಗೆ ಮೂರ್ಛೆ ಬರುವ ಮುಂಚಿನ ಗಳಿಗೆಯಲ್ಲಿ ಒಂಥರ ಸುಖವೆನಿಸಿ, ನಿಲ್ಲಿಸಲಾಗದೆ ನೀರನ್ನು ಮತ್ತೆ ಮತ್ತೆ ತಲೆಗೆ ಸುರಿದುಕೊಳ್ಳುತ್ತಾರೆ. ಇದನ್ನು ವೈದ್ಯರೇ ದಾಖಲಿಸಿದ್ದಾರೆ. ಇದು ಗೊತ್ತಿಲ್ಲದ ಮನೆಯವರು 'ನೀರಲ್ಲಿ ಆಟ ಆಡ್ತಾನೆ', 'ನಾಟಕ ಮಾಡ್ತಾಳೆ' ಎಂದು ಬೆನ್ನಿಗೆ ಎರಡು ಬಿಗಿಯುತ್ತಾರೆ.

ಎರಡೂ ಅನ್ಯಾಯ. ಇದು ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲಿ ಆಗುವ ಕ್ಷಣಕಾಲದ ಏರುಪೇರು. ಅಂಟುರೋಗವಲ್ಲ, ಹುಚ್ಚೂ ಅಲ್ಲ. ಮಗುವಿನ ಬುದ್ಧಿಶಕ್ತಿಗೂ ಇದಕ್ಕೂ ತಳುಕು ಹಾಕಬೇಕಿಲ್ಲ. ಎಲ್ಲಕ್ಕಿಂತ ಸಮಾಧಾನದ ಮಾತೆಂದರೆ, ಮೂರ್ಛೆ ರೋಗಗಳಲ್ಲಿ ಇಷ್ಟು ಸುಲಭವಾಗಿ ಹತೋಟಿಗೆ ಬರುವುದು ಬಹಳ ಕಡಿಮೆ. ಬಹುಪಾಲು ಮಂದಿಗೆ ಮೊದಲ ಚಿಕಿತ್ಸೆ ಮಾತ್ರೆಯೂ ಅಲ್ಲ, ಸೂಜಿಯೂ ಅಲ್ಲ. ನೀರಿನ ಬಿಸಿ ತಗ್ಗಿಸುವುದು ಮತ್ತು ನೆತ್ತಿಯ ಮೇಲೆ ಸುರಿಯುವುದನ್ನು ಬಿಟ್ಟು ಒದ್ದೆ ಬಟ್ಟೆಯಿಂದ ತಲೆ ಒರೆಸಿಕೊಳ್ಳುವುದು! ಇಷ್ಟರಿಂದ ನಿಲ್ಲದಿದ್ದರೆ, ತಲೆಸ್ನಾನಕ್ಕೆ ಒಂದು ಒಂದೂವರೆ ಗಂಟೆ ಮುಂಚೆ ತೆಗೆದುಕೊಳ್ಳುವ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ಕೆಲವರಿಗೆ ದಿನವೂ ಔಷಧಿ ಬೇಕಾಗಬಹುದು. ಏಕೆಂದರೆ ಒಂದಿಷ್ಟು ಮಂದಿಯಲ್ಲಿ ವರ್ಷಗಳು ಕಳೆದಂತೆ ಸ್ನಾನವಿಲ್ಲದೆಯೂ ಮೂರ್ಛೆ ಬರುವುದು ಕಂಡುಬಂದಿದೆ. ಆದ್ದರಿಂದಲೇ 'ಬಿಸಿನೀರು ಬಿಟ್ಟರೆ ಸಾಕು' ಎಂದು ಸುಮ್ಮನಾಗದೆ ಒಮ್ಮೆ ವೈದ್ಯರನ್ನು ಕಾಣಲೇಬೇಕು. ಮಾತ್ರೆಯನ್ನು ನಾವಾಗಿ ಅಂಗಡಿಯಲ್ಲಿ ಕೇಳಿ ತರುವುದಾಗಲಿ, ಶುರು ಮಾಡಿದ್ದನ್ನು ನಾವಾಗಿ ನಿಲ್ಲಿಸುವುದಾಗಲಿ ಕೂಡದು.

ನಮ್ಮ ಜನ ಬೆಂಗಳೂರಿಗೇ ಓಡಬೇಕೆಂದಿಲ್ಲ. ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ. ಅಗತ್ಯ ಬಿದ್ದರೆ ಅವರೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಹೋಗುವಾಗ ಸ್ನಾನದ ವೇಳೆ ಏನಾಯಿತು, ಎಷ್ಟು ಹೊತ್ತು ಇತ್ತು, ಕಣ್ಣು ಕೈಕಾಲು ಹೇಗಿದ್ದವು ಎಂಬುದನ್ನು ಕಂಡವರೇ ಹೇಳಬೇಕು. ಮನೆಯ ಮೊಬೈಲ್‌ನಲ್ಲಿ ಅರ್ಧ ನಿಮಿಷದ ಚಿತ್ರ ತೆಗೆದಿದ್ದರೆ ವೈದ್ಯರಿಗೆ ಬಹಳ ಸಹಾಯ.

ಒಂದು ಎಚ್ಚರಿಕೆ: ಬಚ್ಚಲಲ್ಲಿ ತಲೆ ಸುತ್ತಿ ಬಿದ್ದವರೆಲ್ಲರಿಗೂ ಮೂರ್ಛೆ ರೋಗವಿದೆಯೆಂದಲ್ಲ. ಖಾಲಿ ಹೊಟ್ಟೆಯಲ್ಲಿ ಸುಡುನೀರು ಸುರಿದುಕೊಂಡು ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುವುದುಂಟು. ಗ್ಯಾಸ್ ಗೀಸರ್‌ನ ವಿಷಾನಿಲದಿಂದಲೂ ಹಾಗಾಗುತ್ತದೆ. ಯಾವುದು ಏನೆಂದು ತೀರ್ಮಾನಿಸಬೇಕಾದವರು ವೈದ್ಯರು.

ಅಳತೆ ಹೇಗೆ?

ಹಾಗಾದರೆ ಎಷ್ಟು ಬಿಸಿ ಸರಿ? ಲೆಕ್ಕ ಸರಳ. ತಲೆಗೆ ಎರೆಯುವ ನೀರು ಮೈಬಿಸಿಯ ಆಸುಪಾಸಿನಲ್ಲಿರಲಿ. ಅಂದರೆ 36ರಿಂದ 38 ಡಿಗ್ರಿ. 40 ದಾಟುವುದು ಬೇಡ. ಮೂರ್ಛೆಯ ತೊಂದರೆ ಇರುವವರು ವೈದ್ಯರು ಹೇಳಿದಂತೆ ಇನ್ನೂ ತಣ್ಣಗಿನ ನೀರು ಬಳಸಬೇಕು.

ಕೈಯಿಂದ ನೋಡಿ ಬಿಸಿ ಹೇಳುವುದು ನಂಬಲರ್ಹವಲ್ಲ. ದಿನವೂ ಒಲೆಯ ಮುಂದೆ ಪಳಗಿದ ಅಮ್ಮನ ಕೈಗೆ, ಅಜ್ಜಿಯ ಕೈಗೆ ಸುಡುನೀರೂ ಬೆಚ್ಚಗೇ ಅನ್ನಿಸುತ್ತದೆ. ಮಗುವಿನ ನೆತ್ತಿಗೆ ಆ ಅಭ್ಯಾಸವಿಲ್ಲ. ಮೊಣಕೈ ಅಥವಾ ಮುಂಗೈಯ ಒಳಭಾಗವನ್ನು ಅದ್ದಿ ನೋಡಿ. ಅಲ್ಲಿ 'ಬಿಸಿ' ಅನ್ನಿಸಿದರೆ ತಲೆಗೆ ಹೆಚ್ಚಾಯಿತು. 'ಬೆಚ್ಚಗಿದೆ' ಅನ್ನಿಸಿದರೆ ಸರಿ. ಜ್ವರ ನೋಡುವ ಥರ್ಮಾಮೀಟರನ್ನು ಮಾತ್ರ ಬಿಸಿನೀರಿಗೆ ಅದ್ದಬೇಡಿ. ಅದು 42 ಡಿಗ್ರಿಯ ಆಚೆ ಅಳೆಯಲಾರದು, ಗಾಜಿನದಾದರೆ ಒಡೆದೀತು. ವಿಜ್ಞಾನದ ಮೇಷ್ಟರನ್ನು ಕೇಳಿದರೆ ಪ್ರಯೋಗಾಲಯದ ಥರ್ಮಾಮೀಟರ್ ತೋರಿಸಿಕೊಟ್ಟಾರು.

ಪ್ರೌಢಶಾಲೆಯ ಮಕ್ಕಳಿಗೆ ಇಲ್ಲೊಂದು ಮನೆಲೆಕ್ಕ. ಬಿಸಿನೀರು ಕಳೆದುಕೊಂಡ ಶಾಖ, ತಣ್ಣೀರು ಪಡೆದುಕೊಂಡ ಶಾಖಕ್ಕೆ ಸಮ ಎಂದು ಓದಿದ್ದೀರಿ. ನಮ್ಮ ಹಾಸನದ ಎತ್ತರದಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಚಳಿಗಾಲದಲ್ಲಿ ತೊಟ್ಟಿಯ ನೀರು 20 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಒಂದು ಚೊಂಬು ಕುದಿಯುವ ನೀರಿಗೆ ಮೂರು ಚೊಂಬು ತಣ್ಣೀರು ಬೆರೆಸಿದರೆ 97ಕ್ಕೆ 60 ಕೂಡಿಸಿ, ನಾಲ್ಕರಿಂದ ಭಾಗಿಸಿ. 39 ಡಿಗ್ರಿ ಚಿಲ್ಲರೆ ಬಂತು. ಬಕೆಟ್ಟು ಒಂದಿಷ್ಟು ಶಾಖ ಹೀರುತ್ತದೆ, ಕೈಗೆ ಬರುವ ಹೊತ್ತಿಗೆ 38. ಬೇಸಿಗೆಯಲ್ಲಿ ನೀರು 26 ಡಿಗ್ರಿ ಇದ್ದರೆ ಒಂದಕ್ಕೆ ಐದು ಚೊಂಬು ಬೇಕು. ಗೀಸರಿನ ನೀರು 60 ಡಿಗ್ರಿ ಇದ್ದರೆ ಚಳಿಗಾಲದಲ್ಲಿ ಸರಿಸಮ ಬೆರೆಸಿ ಮೇಲೊಂದು ಚೊಂಬು ತಣ್ಣೀರು, ಬೇಸಿಗೆಯಲ್ಲಿ ಒಂದಕ್ಕೆ ಎರಡು. ಬೋರ್‌ವೆಲ್‌ನಿಂದ ಆಗಷ್ಟೇ ಬಂದ ನೀರು ಚಳಿಯಲ್ಲೂ ಬೆಚ್ಚಗಿರುವುದರಿಂದ ಬಿಸಿನೀರು ಇನ್ನೂ ಕಡಿಮೆ ಸಾಕು.

ಬೆರೆಸುವಾಗ ಒಂದು ನಿಯಮ ತಪ್ಪಬಾರದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಿಸಿನೀರು ಮೊದಲು ಹಾಕಿಟ್ಟು ತಣ್ಣೀರು ತರಲು ಹೋದ ಅರೆಗಳಿಗೆಯಲ್ಲಿ ಎಷ್ಟೋ ಪುಟ್ಟ ಮಕ್ಕಳು ಅದರೊಳಗೆ ಕೈಯಿಟ್ಟು, ಕಾಲಿಟ್ಟು ಸುಟ್ಟುಕೊಂಡಿವೆ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. ಮಕ್ಕಳ ತೆಳು ಚರ್ಮಕ್ಕೆ ಅಷ್ಟೂ ಬೇಕಿಲ್ಲ.

ಹಂಡೆ, ಕಾಯಿಲ್, ಗೀಸರ್, ಸೋಲಾರ್

ನೀರು ಕಾಯಿಸುವ ಸಾಧನ ಬದಲಾದಂತೆ ಅಪಾಯದ ರೂಪವೂ ಬದಲಾಗುತ್ತದೆ. ಹಂಡೆಯ ನೀರು ಎಷ್ಟು ಬಿಸಿಯೆಂದು ಹೊಗೆ ನೋಡಿಯಾದರೂ ಗೊತ್ತಾಗುತ್ತದೆ. ಸೋಲಾರ್ ನೀರು ಹಾಗಲ್ಲ. ಬಿಸಿಲು ಚೆನ್ನಾಗಿದ್ದ ದಿನ ಸಂಜೆ ನಲ್ಲಿ ತಿರುಗಿಸಿದರೆ ಸುಡುನೀರೇ ಬರುತ್ತದೆ. ಹಾಸ್ಟೆಲಿನ ಹುಡುಗರು ಹೊರಗಿನ ಬಿಸಿಲು ನೋಡಿ ನೀರಿನ ಬಿಸಿ ಅಂದಾಜು ಮಾಡುವುದನ್ನು ಕಲಿಯಬೇಕು.

ಬಕೆಟ್ಟಿಗೆ ಇಳಿಬಿಡುವ ವಿದ್ಯುತ್ ಕಾಯಿಲ್ ಬಾಡಿಗೆ ಕೋಣೆಗಳ ವಿದ್ಯಾರ್ಥಿಗಳ ಸಂಗಾತಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. 'ಬಿಸಿಯಾಯಿತೇ' ಎಂದು ಬೆರಳು ಅದ್ದಿ ನೋಡಿದ ಒಂದು ಕ್ಷಣ ಪ್ರಾಣಕ್ಕೇ ಎರವಾಗಬಹುದು. ಗ್ಯಾಸ್ ಗೀಸರ್ ಇನ್ನೂ ಕಪಟಿ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಸ್ನಾನ ಮಾಡುವವರು ಕೂಗಲೂ ಆಗದೆ ಕುಸಿಯುತ್ತಾರೆ. ಆ ಗೀಸರು ಬಚ್ಚಲಿನ ಹೊರಗಿರಬೇಕು, ಗಾಳಿ ಆಡಬೇಕು. ಬಾಗಿಲು ಮುಚ್ಚಿಕೊಂಡು ಹದಿನೈದು ನಿಮಿಷವಾದರೂ ಸದ್ದಿಲ್ಲದಿದ್ದರೆ ಮನೆಯವರು ಕರೆದು ನೋಡಬೇಕು.

ತಣ್ಣೀರು, ಶೀತ ಮತ್ತು ಪರೀಕ್ಷೆ

'ಹಾಗಾದರೆ ತಣ್ಣೀರೇ ಒಳ್ಳೆಯದಲ್ಲವೇ?' ಎಂದು ಹಟಕ್ಕೆ ಬೀಳುವ ಹುಡುಗರೂ ಇದ್ದಾರೆ. ಆರೋಗ್ಯವಂತರಿಗೆ ಬೇಸಿಗೆಯಲ್ಲಿ ತಣ್ಣೀರು ತೊಂದರೆಯಿಲ್ಲ. ಶೀತ ಬರುವುದು ವೈರಸ್‌ನಿಂದ, ಒದ್ದೆ ತಲೆಯಿಂದಲ್ಲ. ಆದರೆ ಚಳಿಗಾಲದ ಬೆಳಿಗ್ಗೆ ಒದ್ದೆ ತಲೆಯಲ್ಲಿ ಅರಕಲಗೂಡಿನ ಬಸ್ಸಿನ ಕಿಟಕಿ ಪಕ್ಕ ಕುಳಿತು ಹೋದರೆ ಮೈ ನಡುಗದೆ ಇದ್ದೀತೇ? ಉಬ್ಬಸ ಇರುವವರಿಗೆ ತಣ್ಣನೆಯ ಗಾಳಿ ತೊಂದರೆ ಕೊಡುವುದೂ ನಿಜ. ಪರೀಕ್ಷೆಯ ದಿನ ಬೆಳಿಗ್ಗೆ ತಲೆಸ್ನಾನ ಮಾಡಿಸುವ ಸಂಪ್ರದಾಯವಿದ್ದರೆ ಹಿಂದಿನ ಸಂಜೆಯೇ ಮುಗಿಸಿ, ತಲೆ ಆರಿಸಿಕೊಂಡು ಮಲಗುವುದು ಲೇಸು.

ಪರೀಕ್ಷೆಯ ವರ್ಷ ಕೂದಲು ಹೆಚ್ಚು ಉದುರುತ್ತದೆ ಎಂದು ಪಿ.ಯು. ಮಕ್ಕಳು ದೂರುತ್ತಾರೆ. ತಾಯಂದಿರು ಹಾಸ್ಟೆಲಿನ ನೀರನ್ನು ಬೈಯುತ್ತಾರೆ. ಜೋರು ಜ್ವರ ಬಂದುಹೋದ, ಅಥವಾ ಊಟ ನಿದ್ದೆ ಕೆಟ್ಟು ಮನಸ್ಸು ಬಳಲಿದ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುವುದುಂಟು. ರಕ್ತಹೀನತೆ ಇನ್ನೊಂದು ಕಾರಣ. ಇವು ಸರಿಹೋದರೆ ಕೂದಲು ಮತ್ತೆ ಬರುತ್ತದೆ. ನೀರನ್ನು ಬದಲಿಸುವ ಮುನ್ನ ತಟ್ಟೆಯಲ್ಲಿ ಸೊಪ್ಪು, ಕಾಳು, ಮೊಟ್ಟೆ ಇವೆಯೇ ನೋಡಿ.

ಮನೆಯಲ್ಲಿ ಅಂಟಿಸಿಕೊಳ್ಳಿ

ತಲೆಸ್ನಾನದ ವೇಳೆ ಯಾರಿಗಾದರೂ ಮೂರ್ಛೆ ಬಂದರೆ:

ಮೊದಲು ನೀರು ಎರೆಯುವುದನ್ನು ನಿಲ್ಲಿಸಿ. ಹಂಡೆ, ಬಕೆಟ್ಟು, ನಲ್ಲಿಗಳಿಂದ ದೂರ ಸರಿಸಿ.

ಒಂದು ಮಗ್ಗುಲಿಗೆ ಮಲಗಿಸಿ. ತಲೆಯ ಕೆಳಗೆ ಬಟ್ಟೆ ಇಡಿ. ಜೊಲ್ಲು ಹೊರಗೆ ಹರಿಯಲಿ.

ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯಬೇಡಿ. ಹಲ್ಲಿನ ನಡುವೆ ಚಮಚ ತುರುಕಬೇಡಿ. ಪೂರ್ತಿ ಎಚ್ಚರವಾಗುವವರೆಗೆ ನೀರು ಕುಡಿಸಬೇಡಿ.

ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೊಂದು ಬಂದರೆ, 108ಕ್ಕೆ ಕರೆ ಮಾಡಿ.

ಈ ತೊಂದರೆ ಇರುವ ಮಕ್ಕಳು ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಾರದು. ಕುಳಿತೇ ಸ್ನಾನ ಮಾಡಬೇಕು. ಕೆರೆಗೋ ಹೇಮಾವತಿಗೋ ಒಬ್ಬರೇ ಈಜಲು ಇಳಿಯಬಾರದು. ಶಾಲೆಯ, ಹಾಸ್ಟೆಲಿನ ಒಬ್ಬ ಹಿರಿಯರಿಗಾದರೂ ವಿಷಯ ತಿಳಿಸಿರಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮುಂದಿನ ಭಾನುವಾರ ಹಂಡೆಯ ಒಲೆ ಹೊತ್ತಿಸುವಾಗ ಇಷ್ಟು ನೆನಪಿರಲಿ. ಎಣ್ಣೆ ಹಚ್ಚುವ ಕೈಯ ಪ್ರೀತಿ ಬದಲಾಗಬೇಕಿಲ್ಲ, ಸೀಗೆಪುಡಿಯ ವಾಸನೆಯೂ ಹಾಗೇ ಇರಲಿ. ಬಕೆಟ್ಟಿಗೆ ಎರಡು ಚೊಂಬು ತಣ್ಣೀರು ಹೆಚ್ಚು ಬೀಳಲಿ. ಎರೆಯುವ ಮುನ್ನ ಅಜ್ಜಿ ಒಮ್ಮೆ ಮೊಣಕೈ ಅದ್ದಿ ನೋಡಲಿ. 'ಸುಡ್ತೈತೆ ಕಣಜ್ಜಿ' ಎಂದು ಮಗು ಕೂಗಿದರೆ ಅದು ಹಟವಿರಲಾರದು. ಆ ಕ್ಷಣಕ್ಕೆ ಬಚ್ಚಲಿನಲ್ಲಿರುವ ಅತ್ಯಂತ ಒಳ್ಳೆಯ ಥರ್ಮಾಮೀಟರ್ ಆ ಮಗುವೇ.